‘ಸರ್ವರ್ ಡೌನ್’ ಎಂದರೆ ಏನು? ಚಳ್ಳಕೆರೆಗೇ ಒಂದು ಸರ್ವರ್ ಇದ್ದರೆ ಸಾಕೇ?

ಬಿತ್ತನೆ ಹೊತ್ತಿಗೆ ಬೆಳೆಸಾಲಕ್ಕೆಂದು ಪಹಣಿ ತೆಗೆಸಲು ಹೋದವರಿಗೆ ‘ಸರ್ವರ್ ಡೌನ್, ನಾಳೆ ಬನ್ನಿ’ ಎಂಬ ಮಾತು ಹೊಸದಲ್ಲ. ಹಳ್ಳಿಯಿಂದ ಮೊಳಕಾಲ್ಮುರಿಗೆ ಬಂದವರಿಗೆ ಒಂದು ದಿನದ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಆಗ ಕೇಳಿಬರುವ ಮಾತು ಎರಡು: ‘ಬೇಕಂತಲೇ ಆಫ್ ಮಾಡಿದ್ದಾರೆ’, ‘ತಾಲ್ಲೂಕಿಗೊಂದು ಸರ್ವರ್ ಇಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ’.

ಎರಡನೆಯದನ್ನು ಮೊದಲು ನೋಡೋಣ, ಏಕೆಂದರೆ ಕರ್ನಾಟಕ ಅದನ್ನು ಮಾಡಿಯೇ ನೋಡಿದೆ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ಎನ್‌ಐಸಿ ಜೊತೆ ಸೇರಿ ತಂದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಆಗ 177 ತಾಲ್ಲೂಕು ಕಚೇರಿಗಳಲ್ಲೂ ಅಲ್ಲಲ್ಲೇ ಸರ್ವರ್. ಬೆಂಗಳೂರಿನ ಲೈನ್ ಕಡಿದರೂ ಚಳ್ಳಕೆರೆಯ ಪಹಣಿ ಚಳ್ಳಕೆರೆಯಲ್ಲಿ 15 ರೂಪಾಯಿಗೆ ಸಿಗುತ್ತಿತ್ತು. ಆದರೆ ಅಲ್ಲಿ ಮಾತ್ರ ಸಿಗುತ್ತಿತ್ತು. ಸಾಫ್ಟ್‌ವೇರ್‌ನಲ್ಲಿ ಒಂದು ಬದಲಾವಣೆ ಎಂದರೆ 177 ಕಡೆ ಮಾಡಬೇಕು. ಒಂದು ಕಡೆ ಡಿಸ್ಕ್ ಕೆಟ್ಟರೆ ಆ ತಾಲ್ಲೂಕೇ ನಿಂತಿತು. ನಂತರ ದಾಖಲೆಗಳು ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್ ಸೇರಿದವು. ನಾಡಕಚೇರಿಯಲ್ಲಿ, ಫೋನಿನಲ್ಲಿ ಪಹಣಿ ಸಿಗುವುದು, ನೋಂದಣಿಯ ‘ಕಾವೇರಿ’ ತಂತ್ರಾಂಶದಿಂದ ಖರೀದಿಯ ವಿವರ ನೇರವಾಗಿ ‘ಭೂಮಿ’ಗೆ ಹೋಗುವುದು ಸುಲಭವಾದದ್ದು ಇದರಿಂದಲೇ.

ಇಂಥ ಆಯ್ಕೆಗಳನ್ನು ತೂಗಿ ನೋಡುವ ಕೆಲಸಕ್ಕೆ ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎನ್ನುತ್ತಾರೆ. ಹೆಸರು ದೊಡ್ಡದು, ಪ್ರಶ್ನೆ ನೀರಿನದ್ದೇ: ಮನೆಗೊಂದು ಬೋರ್‌ವೆಲ್ಲೋ, ಊರಿಗೊಂದು ಟ್ಯಾಂಕೋ? ಟ್ಯಾಂಕ್ ಅಗ್ಗ, ನಿಗಾ ಸುಲಭ. ಆದರೆ ಪೈಪ್ ಒಡೆದರೆ ಎಲ್ಲರ ನಲ್ಲಿಯೂ ಒಣಗುತ್ತದೆ. 2025ರ ಜನವರಿಯಲ್ಲಿ ‘ಕಾವೇರಿ 2.0’ ಮೇಲೆ ನಕಲಿ ಕೋರಿಕೆಗಳ ಸುರಿಮಳೆಯ ಸೈಬರ್ ದಾಳಿ ನಡೆದಾಗ ಇಡೀ ರಾಜ್ಯದ ನೋಂದಣಿ ಕೆಲಸ ತತ್ತರಿಸಿದ್ದು ಹೀಗೆಯೇ.

ನನ್ನ ಮಟ್ಟಿಗೆ ಕೇಂದ್ರ ಸರ್ವರ್ ಆಯ್ಕೆ ಸರಿಯಾದದ್ದೇ. ಆದರೆ ಅದನ್ನು ಆರಿಸಿಕೊಂಡ ಮೇಲೆ ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ, ಪ್ರತಿ ಕಚೇರಿಗೂ ಎರಡನೇ ಇಂಟರ್‌ನೆಟ್ ಲೈನ್, ಯುಪಿಎಸ್ ಬೇಕೇ ಬೇಕು. ಆ ಖರ್ಚು ಉಳಿಸಿದರೆ ಅದನ್ನು ಕಟ್ಟುವವನು ಸಾಲಿನಲ್ಲಿ ನಿಂತ ರೈತ.

ಇನ್ನು ‘ಬೇಕಂತಲೇ ಆಫ್’ ಎಂಬುದು. ಬೆಂಗಳೂರಿನ ಸರ್ವರನ್ನು ಚಳ್ಳಕೆರೆಯ ಸಿಬ್ಬಂದಿ ಆಫ್ ಮಾಡಲಾಗದು. ಆದರೆ ಲೈನ್ ಹೋದರೂ ಕರೆಂಟ್ ಹೋದರೂ, ಕೆಲವೊಮ್ಮೆ ಕೆಲಸ ಬೇಡವಾದರೂ, ಬಾಯಿಗೆ ಬರುವುದು ಅದೇ ಮಾತು. ಅಲ್ಲೇ ನಿಂತು ನಿಮ್ಮ ಫೋನಿನಲ್ಲಿ ‘ಭೂಮಿ’ ವೆಬ್‌ಸೈಟ್ ತೆರೆದು ನಿಮ್ಮ ಸರ್ವೆ ನಂಬರ್ ಹಾಕಿ. ಪಹಣಿ ಕಂಡರೆ, ತೊಂದರೆ ಬಹುಶಃ ಕಚೇರಿಯ ಲೈನ್‌ನಲ್ಲೇ ಇದೆ. ತಹಶೀಲ್ದಾರರಿಗೆ ಕೊಡುವ ದೂರಿನಲ್ಲಿ ದಿನ, ಗಂಟೆ ಸಮೇತ ಅದನ್ನೇ ಬರೆಯಿರಿ.