ಬೆನಗಲ್ ರಾಮರಾವ್: ಹುದ್ದೆಗಿಂತ ಹುದ್ದೆಯ ಘನತೆ ಹೆಚ್ಚೆಂದ ಗವರ್ನರ್

ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್‌ಗಳ ಪೈಕಿ ಅತಿ ದೀರ್ಘ ಕಾಲ ಅಧಿಕಾರದಲ್ಲಿದ್ದವರು ಸರ್ ಬೆನಗಲ್ ರಾಮರಾವ್. 1949ರ ಜುಲೈ 1ರಿಂದ 1957ರ ಜನವರಿ 14ರವರೆಗೆ, ಅಂದರೆ ಏಳೂವರೆ ವರ್ಷ ಅವರು ಈ ಸ್ಥಾನದಲ್ಲಿದ್ದರು. ಆ ಅವಧಿ ಮುಗಿದದ್ದು ನಿವೃತ್ತಿಯಿಂದಲ್ಲ, ರಾಜೀನಾಮೆಯಿಂದ. ಹಣಕಾಸು ಸಚಿವರೊಂದಿಗೆ ನಡೆದ ಆ ಜಟಾಪಟಿ ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ರಾಮರಾವ್ ಅವರದು ಮಂಗಳೂರಿನ ಹೆಸರಾಂತ ಕುಟುಂಬ. ಅಣ್ಣ ಬೆನಗಲ್ ನರಸಿಂಗರಾವ್ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ಖ್ಯಾತರಾದವರು. ಮತ್ತೊಬ್ಬ ಸೋದರ ಬಿ. ಶಿವರಾವ್ ಪತ್ರಕರ್ತರು, ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆಯ್ಕೆಯಾದವರು. ಪತ್ನಿ ಧನವಂತಿ ರಾಮರಾವ್ ಹುಬ್ಬಳ್ಳಿಯಲ್ಲಿ ಬೆಳೆದವರು. ದೇಶದಲ್ಲಿ ಕುಟುಂಬ ಯೋಜನೆಯ ಚಳವಳಿಯನ್ನು ಕಟ್ಟಿದವರಲ್ಲಿ ಪ್ರಮುಖರು. ಮದರಾಸು ಹಾಗೂ ಕೇಂಬ್ರಿಜ್‌ಗಳಲ್ಲಿ ಓದಿ ಐಸಿಎಸ್ ಸೇರಿದ ರಾಮರಾವ್, ಮುಂಬೈ ಬಂದರು ಮಂಡಳಿಯ ಅಧ್ಯಕ್ಷರಾಗಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಭಾರತದ ಪ್ರತಿನಿಧಿಯಾಗಿ, ಅಮೆರಿಕದಲ್ಲಿ ರಾಯಭಾರಿಯಾಗಿ ದುಡಿದು, ಆ ಬಳಿಕ ರಿಸರ್ವ್ ಬ್ಯಾಂಕಿಗೆ ಬಂದರು.

ಅವರು ಬಂದ ಕಾಲ ಸುಲಭದ್ದಾಗಿರಲಿಲ್ಲ. ಖಾಸಗಿ ಷೇರುದಾರರ ಕೈಯಲ್ಲಿದ್ದ ರಿಸರ್ವ್ ಬ್ಯಾಂಕ್ ರಾಷ್ಟ್ರೀಕರಣಗೊಂಡು ಆಗಿನ್ನೂ ಆರು ತಿಂಗಳಾಗಿತ್ತು. ಅಧಿಕಾರ ವಹಿಸಿಕೊಂಡ ಮೂರೇ ತಿಂಗಳೊಳಗೆ ಬ್ರಿಟನ್ ತನ್ನ ಪೌಂಡಿನ ಬೆಲೆ ಇಳಿಸಿತು. ಅದರೊಂದಿಗೆ ಭಾರತವೂ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಒಂದು ಡಾಲರಿಗೆ ಸುಮಾರು 3 ರೂ. 30 ಪೈಸೆಯಷ್ಟಿದ್ದ ದರ 4 ರೂ. 76 ಪೈಸೆಗೆ ಏರಿತು.

ಕೊರಿಯಾ ಯುದ್ಧದಿಂದಾಗಿ ಬೆಲೆಗಳು ಗಗನಕ್ಕೇರಿದಾಗ ರಾಮರಾವ್ ಒಂದು ದಿಟ್ಟ ಹೆಜ್ಜೆ ಇಟ್ಟರು. 1935ರಿಂದ ಶೇ. 3ರಲ್ಲೇ ನಿಂತಿದ್ದ ಬ್ಯಾಂಕ್ ದರವನ್ನು 1951ರ ನವೆಂಬರ್‌ನಲ್ಲಿ ಶೇ. 3.5ಕ್ಕೆ ಏರಿಸಲಾಯಿತು. ಬ್ಯಾಂಕುಗಳಿಂದ ಸರ್ಕಾರಿ ಸಾಲಪತ್ರಗಳನ್ನು ಕೇಳಿದಾಗಲೆಲ್ಲ ಕೊಳ್ಳುವ ಪದ್ಧತಿಗೂ ತಡೆ ಬಿತ್ತು. ಆದರೆ ಸುಗ್ಗಿಯ ಕಾಲದಲ್ಲಿ ಫಸಲು ಕೊಳ್ಳಲು, ಸಾಗಿಸಲು ವ್ಯಾಪಾರಿಗಳಿಗೆ ಹಣ ಬೇಕೇ ಬೇಕು. ಅದಕ್ಕಾಗಿ 1952ರ ಜನವರಿಯಲ್ಲಿ ಹುಂಡಿ ಮಾರುಕಟ್ಟೆ ಯೋಜನೆ ಜಾರಿಗೆ ಬಂತು. ವ್ಯಾಪಾರಿಗಳು ಬರೆದುಕೊಟ್ಟ ಹುಂಡಿಗಳ ಆಧಾರದ ಮೇಲೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಸಾಲ ಪಡೆಯುವ ವ್ಯವಸ್ಥೆ ಇದು. ಮುಂದೆ ಕಲಹಕ್ಕೆ ಕಾರಣವಾದದ್ದೂ ಇದೇ ಹುಂಡಿ.

ಸಾಹುಕಾರನ ಪಾಲು

ರಾಮರಾವ್ ಕಾಲದ ಅತಿ ದೊಡ್ಡ ಕೆಲಸ ಯಾವುದೆಂದರೆ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ. ಎ.ಡಿ. ಗೋರ್ವಾಲಾ ನೇತೃತ್ವದ ಸಮಿತಿಯು 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳ ಸಾಲದ ಲೆಕ್ಕ ತೆಗೆಯಿತು. 1954ರಲ್ಲಿ ಹೊರಬಂದ ವರದಿ ಎಲ್ಲರ ಕಣ್ಣು ತೆರೆಸುವಂತಿತ್ತು. ರೈತ ಪಡೆದ ಸಾಲದಲ್ಲಿ ಸರ್ಕಾರದ ಪಾಲು ಶೇ. 3.3, ಸಹಕಾರ ಸಂಘಗಳದು ಶೇ. 3.1, ವಾಣಿಜ್ಯ ಬ್ಯಾಂಕುಗಳದು ಶೇ. 1ಕ್ಕಿಂತಲೂ ಕಡಿಮೆ. ಸುಮಾರು ಶೇ. 70ರಷ್ಟು ಸಾಲ ಬರುತ್ತಿದ್ದುದು ಲೇವಾದೇವಿಗಾರರಿಂದ. ಅರ್ಧ ಶತಮಾನದಿಂದ ನಡೆದುಬಂದಿದ್ದ ಸಹಕಾರಿ ಚಳವಳಿ ಹಳ್ಳಿಯ ಸಾಹುಕಾರನನ್ನು ಅಲುಗಾಡಿಸಲೂ ಆಗಿರಲಿಲ್ಲ.

ವರದಿ ಕಪಾಟು ಸೇರಲಿಲ್ಲ. ಅದರ ಶಿಫಾರಸಿನಂತೆ ಇಂಪೀರಿಯಲ್ ಬ್ಯಾಂಕನ್ನು ಸರ್ಕಾರದ ಹತೋಟಿಗೆ ತಂದು, 1955ರ ಜುಲೈ 1ರಂದು ಭಾರತೀಯ ಸ್ಟೇಟ್ ಬ್ಯಾಂಕ್ ಸ್ಥಾಪಿಸಲಾಯಿತು. ಐದು ವರ್ಷಗಳಲ್ಲಿ 400 ಹೊಸ ಶಾಖೆ ತೆರೆಯುವ ಹೊಣೆ ಅದರ ಮೇಲೆ ಬಿತ್ತು. ಕೃಷಿ ಸಾಲಕ್ಕೆಂದೇ ರಿಸರ್ವ್ ಬ್ಯಾಂಕಿನಲ್ಲಿ ಪ್ರತ್ಯೇಕ ನಿಧಿಗಳು ಹುಟ್ಟಿಕೊಂಡವು. ಇಂದು ಹೋಬಳಿ ಕೇಂದ್ರಗಳಲ್ಲಿ ಕಾಣುವ ಬ್ಯಾಂಕಿನ ಫಲಕಗಳಿಗೆ ಮೂಲ ಇಲ್ಲಿದೆ.

ಜಟಾಪಟಿ

1950ರಿಂದ 1956ರವರೆಗೆ ಹಣಕಾಸು ಸಚಿವರಾಗಿದ್ದವರು ಸಿ.ಡಿ. ದೇಶಮುಖ್. ರಾಮರಾವ್‌ಗಿಂತ ಮೊದಲು ಅವರೇ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದುದರಿಂದ ಬ್ಯಾಂಕಿನ ಒಳಹೊರಗು ಅವರಿಗೆ ತಿಳಿದಿತ್ತು. ಅವರ ನಂತರ ಬಂದ ಟಿ.ಟಿ. ಕೃಷ್ಣಮಾಚಾರಿ ಅವರದು ಬೇರೆಯೇ ಧೋರಣೆ. 1956ರ ನವೆಂಬರ್ ಕೊನೆಯಲ್ಲಿ ಅವರು ಹುಂಡಿಗಳ ಮೇಲಿನ ಸ್ಟಾಂಪ್ ಸುಂಕ ಏರಿಸುವ ಪ್ರಸ್ತಾಪ ಮಂಡಿಸಿದರು. ನೋಡಲು ಇದು ಬರಿಯ ತೆರಿಗೆ. ಆದರೆ ಇದರಿಂದ ಬ್ಯಾಂಕುಗಳು ಪಡೆಯುವ ಸಾಲ ದುಬಾರಿಯಾಗಿ, ಬ್ಯಾಂಕ್ ದರವನ್ನು ಮುಟ್ಟದೆಯೇ ಬಡ್ಡಿ ಏರಿಸಿದಂತಾಯಿತು. ಬಡ್ಡಿ ದರ ನಿರ್ಧರಿಸುವುದು ರಿಸರ್ವ್ ಬ್ಯಾಂಕಿನ ಕೆಲಸ, ಸಚಿವಾಲಯದ್ದಲ್ಲ ಎಂಬುದು ರಾಮರಾವ್ ವಾದ.

ರಿಸರ್ವ್ ಬ್ಯಾಂಕ್ ಹಣಕಾಸು ಖಾತೆಯ ಒಂದು ವಿಭಾಗವಷ್ಟೇ ಎಂಬರ್ಥದ ಮಾತು ಸಚಿವರಿಂದ ಬಂತು. ರಾಮರಾವ್ ವಿಷಯವನ್ನು ಬ್ಯಾಂಕಿನ ಕೇಂದ್ರ ಮಂಡಳಿಯ ಮುಂದಿಟ್ಟರು. ಹಣಕಾಸು ನೀತಿಗೆ ಸಂಬಂಧಿಸಿದ ವಿಚಾರಗಳಲ್ಲಿ ಸರ್ಕಾರ ಮೊದಲೇ ಬ್ಯಾಂಕಿನ ಸಲಹೆ ಕೇಳಬೇಕೆಂದು ಡಿಸೆಂಬರ್‌ನಲ್ಲಿ ಮಂಡಳಿ ನಿರ್ಣಯ ಕೈಗೊಂಡಿತು. ದೂರು ಪ್ರಧಾನಿ ನೆಹರೂ ಅವರವರೆಗೂ ಹೋಯಿತು. ನೆಹರೂ ಸಚಿವರ ಪಕ್ಷ ವಹಿಸಿದರು. ಬ್ಯಾಂಕಿಗೆ ಉನ್ನತ ಸ್ಥಾನವಿದೆ, ಆದರೂ ಅದು ಸರ್ಕಾರದ ನೀತಿಗೆ ಅನುಗುಣವಾಗಿಯೇ ನಡೆಯಬೇಕು ಎಂಬುದು ಅವರ ಉತ್ತರದ ಸಾರ. ಇನ್ನು ಮುಂದುವರಿಯುವುದರಲ್ಲಿ ಅರ್ಥವಿಲ್ಲವೆಂದು ರಾಮರಾವ್ ಹುದ್ದೆ ತ್ಯಜಿಸಿದರು.

ಸಚಿವರ ವಾದದಲ್ಲಿ ಹುರುಳಿರಲಿಲ್ಲ ಎನ್ನುವಂತಿಲ್ಲ. ಎರಡನೇ ಪಂಚವಾರ್ಷಿಕ ಯೋಜನೆಗೆ ಅಪಾರ ಹಣ ಬೇಕಿತ್ತು. ಜನರಿಗೆ ಉತ್ತರ ಹೇಳಬೇಕಾದುದು ಚುನಾಯಿತ ಸರ್ಕಾರವೇ. ರಾಷ್ಟ್ರೀಕರಣದ ಕಾಯಿದೆಯೂ ಗವರ್ನರ್ ಜೊತೆ ಸಮಾಲೋಚಿಸಿ ನಿರ್ದೇಶನ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ರಾಮರಾವ್ ಆಕ್ಷೇಪಿಸಿದ್ದು ಸರ್ಕಾರದ ಅಧಿಕಾರವನ್ನಲ್ಲ. ಸಮಾಲೋಚನೆಯಿಲ್ಲದೆ ಹಿಂಬಾಗಿಲಿನಿಂದ ನುಗ್ಗಿದ ರೀತಿಯನ್ನು.

ಮುಂದಿನ ಘಟನೆಗಳು ಕುತೂಹಲಕರ. 1957ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕ್ ದರವನ್ನು ಶೇ. 4ಕ್ಕೆ ಏರಿಸಿತು, ಸ್ಟಾಂಪ್ ಸುಂಕ ಇಳಿಯಿತು. 1958ರ ಫೆಬ್ರುವರಿಯಲ್ಲಿ ಮುಂದ್ರಾ ಹಗರಣದಿಂದಾಗಿ ಕೃಷ್ಣಮಾಚಾರಿಯವರೂ ರಾಜೀನಾಮೆ ನೀಡಬೇಕಾಯಿತು. ರಾಮರಾವ್ 1969ರಲ್ಲಿ ತೀರಿಕೊಂಡರು.

2018ರಲ್ಲಿ ಸರ್ಕಾರಕ್ಕೂ ರಿಸರ್ವ್ ಬ್ಯಾಂಕಿಗೂ ಭಿನ್ನಮತ ಬಹಿರಂಗವಾಗಿ, ಡಿಸೆಂಬರ್‌ನಲ್ಲಿ ಗವರ್ನರ್ ಊರ್ಜಿತ್ ಪಟೇಲ್ ವೈಯಕ್ತಿಕ ಕಾರಣ ನೀಡಿ ಹೊರಬಂದಾಗ ಹಲವರಿಗೆ ನೆನಪಾದದ್ದು 1957ರ ಆ ಜನವರಿ. ನೋಟಿನ ಮೇಲೆ ಸಹಿ ಗವರ್ನರ್‌ದು. ಆ ನೋಟಿನ ಬೆಲೆ ಕಾಯುವ ಕೊನೆಯ ಮಾತು ಯಾರದು? ಮಂಗಳೂರಿನ ಈ ಅಧಿಕಾರಿ ಎತ್ತಿದ ಪ್ರಶ್ನೆಗೆ ಕಾಯಿದೆಯ ಪುಸ್ತಕದಲ್ಲಿ ಉತ್ತರವಿದೆ. ವ್ಯವಹಾರದಲ್ಲಿ ಅದನ್ನು ಪ್ರತಿ ತಲೆಮಾರೂ ಹೊಸದಾಗಿ ಹುಡುಕಿಕೊಳ್ಳುತ್ತಿದೆ.