ಬತ್ತುವ ಕೆರೆಯ ಕುಚ್ಚು ಮೀನು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕೆರೆಗಳನ್ನು ನಂಬಿ ಕೂರುವಂತಿಲ್ಲ. ಮಳೆ ಹಿಡಿದ ವರ್ಷ ಕೋಡಿ, ಕೈಕೊಟ್ಟ ವರ್ಷ ಬಿರುಕು ಬಿಟ್ಟ ಅಂಗಳ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರದಂಥ ದೊಡ್ಡ ಜಲಾಶಯವೇ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಇಲ್ಲಿ ಮೀನಿನ ಚರಿತ್ರೆ ಹೇಳಹೊರಟರೆ ಕುಚ್ಚು ಮೀನಿನಿಂದಲೇ ಶುರು ಮಾಡಬೇಕು. ಕೆಲವು ಕಡೆ ಇದನ್ನು ಕೊರವ ಎನ್ನುತ್ತಾರೆ. ಹಾವಿನಂಥ ತಲೆ, ಉರುಟು ಮೈ, ಪಕ್ಕೆಯಲ್ಲಿ ಕಪ್ಪು ಓರೆ ಪಟ್ಟೆಗಳು. ಜರ್ಮನಿಯ ಬ್ಲಾಕ್ 1793ರಲ್ಲಿ ಕೊಟ್ಟ 'ಸ್ಟ್ರಿಯಾಟಸ್' ಎಂಬ ಹೆಸರಿನ ಅರ್ಥವೂ ಪಟ್ಟೆಯುಳ್ಳದ್ದು ಎಂದೇ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ ಎಂದು ದೊರೆ ವಿವರಿಸುತ್ತಾನೆ. ಮೀನುತಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಮೇಲೊಂದು ಪ್ರಬಂಧವನ್ನೇ ಬರೆದರು. ಆದರೆ ರಾಜನ ವಿನೋದವಿದ್ದದ್ದು ಮೀನನ್ನು ಗಾಳ ಹಾಕಿ ನೀರಿನಿಂದ ಎಳೆಯುವುದರಲ್ಲಿ. ನೀರೊಳಗೆ ಅದು ಹೇಗೆ ಬಾಳುತ್ತದೆ ಎಂದು ಬದಿಯಿಂದ ನೋಡಲು ಗಾಜು ಬೇಕಿತ್ತು.

ಆ ಗಾಜು ಕುಚ್ಚಿನ ಜಾತಿಗೆ ಎದುರಾದದ್ದು ಪ್ರಯೋಗವಾಗಿ. ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 19ನೇ ಶತಮಾನದಲ್ಲಿ ಈ ಮೀನುಗಳನ್ನು ನೀರಿನ ಪಾತ್ರೆಯಲ್ಲಿಟ್ಟು, ಮೇಲಕ್ಕೆ ಬರದಂತೆ ಬಲೆ ಕಟ್ಟಿದ. ನೀರಿನಲ್ಲೇ ಇದ್ದ ಮೀನು ಉಸಿರುಗಟ್ಟಿ ಸತ್ತಿತು. ಕಿವಿರಿನ ಮೇಲುಗಡೆಯ ಪುಟ್ಟ ಗೂಡಿಗೆ ಅದು ಗಾಳಿ ತುಂಬಿಕೊಳ್ಳಲೇಬೇಕು. ಕೆರೆ ಬತ್ತಿದಾಗ ಕೆಸರಲ್ಲಿ ಹುದುಗಿ ದಿನ ದೂಡುವುದು, ಸಂತೆಯ ಬುಟ್ಟಿಯಲ್ಲಿ ಗಂಟೆಗಟ್ಟಲೆ ಮಿಸುಕಾಡುವುದು, ಎರಡೂ ಇದೇ ಗೂಡಿನ ಬಲದಿಂದ. ಕ್ರೂರ ಪ್ರಯೋಗ ನಿಜ. ಬರಸೀಮೆಯ ಮೀನಿನ ಗುಟ್ಟು ರಟ್ಟಾದದ್ದೂ ಅದರಿಂದಲೇ.

1853ರಲ್ಲಿ ಲಂಡನ್ನಿನ ಮೃಗಾಲಯ ಸಾರ್ವಜನಿಕರಿಗೆ ಮೀನುಮನೆ ತೆರೆಯಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಸರ್ಕಾರಿ ಮತ್ಸ್ಯಾಲಯ ಬಂದದ್ದು 1983ರಲ್ಲಿ. ಆಮೇಲೆ ಗಾಜಿನ ಪೆಟ್ಟಿಗೆ ನಮ್ಮ ಜಿಲ್ಲೆಯ ಪಡಸಾಲೆಗಳಿಗೂ ಬಂತು, ಹೆಚ್ಚಾಗಿ ಹೊರದೇಶದ ಬಣ್ಣದ ಮೀನುಗಳನ್ನು ತುಂಬಿಕೊಂಡು. ಅದೇ ಕಾಲಕ್ಕೆ ಕುಚ್ಚು ವಾಸಿಸುತ್ತಿದ್ದ ತೆರೆದ ಬಾವಿಗಳು ಒಣಗಿದವು. ಆರೂವರೆ ಇಂಚಿನ ಬೋರ್‌ವೆಲ್ಲಿನಲ್ಲಿ ಯಾವ ಮೀನಿಗೂ ಜಾಗವಿಲ್ಲ. ಇದನ್ನು ಪ್ರಗತಿ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಈಗ ಕುಚ್ಚನ್ನು ಮನೆಯಲ್ಲಿ ಸಾಕಬಯಸುವವರು ಬಾವಿಯನ್ನು ನೆನಪಿಡಬೇಕು. ಕೆಂಪಗೆ ಕಾಣುವ ಮರಿಯನ್ನು ನೋಡಿ ಮರುಳಾದರೆ ಸಾಲದು; ಅದು ಎರಡಡಿ ಮೀರಿ ಬೆಳೆಯಬಲ್ಲದು, ಜೊತೆಗಿಟ್ಟ ಸಣ್ಣ ಮೀನುಗಳನ್ನೆಲ್ಲ ನುಂಗಬಲ್ಲದು. ಎರಡಡಿಯ ತೊಟ್ಟಿಯಲ್ಲಿ ಅದಕ್ಕೆ ತಿರುಗಲೂ ಆಗದು. ಹಾರುವ ಮೀನಾದ್ದರಿಂದ ಭಾರದ ಮುಚ್ಚಳ ಬೇಕು. ಆದರೆ ನೀರನ್ನು ಮುಚ್ಚಳದ ತನಕ ತುಂಬಬಾರದು, ನಡುವೆ ಒಂದು ಗೇಣಾದರೂ ಗಾಳಿ ಉಳಿಯಲಿ.