ಗಳಗಂಡದಿಂದ ಥೈರಾಯ್ಡ್ ಗುಳಿಗೆಯವರೆಗೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ನನ್ನ ಸಾಫ್ಟ್‌ವೇರ್ ಕೆಲಸದ ಬಗ್ಗೆ ಬರೆದರಾಯಿತು ಎಂದುಕೊಂಡಿದ್ದೆ. ಆ ವಾರ ರಟ್ಟೀಹಳ್ಳಿಗೆ ಬಂದಾಗ ಹಳೆಯ ಗೆಳೆಯರ ನಾಲ್ಕು ಮನೆಗಳಿಗೆ ಹೋಗಿದ್ದೆ. ಮೂರು ಮನೆಗಳಲ್ಲಿ ಒಬ್ಬರಲ್ಲ ಒಬ್ಬರು "ನಮಗೂ ಥೈರಾಯ್ಡ್ ಐತ್ರಿ" ಎಂದರು. ನಮ್ಮ ಮನೆಯಲ್ಲಿ ಅವ್ವನಿಗೆ 2014ರಿಂದ ಇದೆ. ಹೀಗಾಗಿ ಬರೆದರೆ ಇದನ್ನೇ ಬರೆಯಬೇಕು ಅನಿಸಿತು. ನಾನು ವೈದ್ಯನಲ್ಲ, ಬಿ.ಇ. ಓದಿದವನು. ಅವ್ವನ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು ಅದರ ಇತಿಹಾಸವನ್ನು ಓದಿದೆ. ಆ ಇತಿಹಾಸವನ್ನೂ, ಅದರಿಂದ ನಮ್ಮ ಮನೆ ಕಲಿತ ಪಾಠವನ್ನೂ ಅವ್ವನ ಒಪ್ಪಿಗೆ ಪಡೆದು ಇಲ್ಲಿ ಹೇಳುತ್ತಿದ್ದೇನೆ.

ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಒಂದು ಗ್ರಂಥಿಯ ಹೆಸರು. ಅದು ನಮಗೆಲ್ಲರಿಗೂ ಇದೆ. ಅದು ತಯಾರಿಸುವ ಹಾರ್ಮೋನಿಗೆ ಅಯೋಡಿನ್ ಬೇಕು. ಅಯೋಡಿನ್ ಸಾಲದಿದ್ದರೆ ಗ್ರಂಥಿ ಊದಿಕೊಂಡು ಕುತ್ತಿಗೆ ದಪ್ಪವಾಗುತ್ತದೆ. ಇದೇ ಗಳಗಂಡ. ಚರಕ, ಸುಶ್ರುತರ ಕಾಲದಿಂದಲೂ ನಮ್ಮ ವೈದ್ಯರಿಗೆ ಇದು ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. 1811ರಲ್ಲಿ ಫ್ರಾನ್ಸಿನ ಕೂರ್ತುವಾ ಎಂಬವರು ಸಮುದ್ರದ ಪಾಚಿಯ ಬೂದಿಯಲ್ಲಿ ಅಯೋಡಿನ್ ಕಂಡುಹಿಡಿದರು. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡದ ರೋಗಿಗಳಿಗೆ ಕೊಟ್ಟು ನೋಡಿದರು. 1917ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಡೇವಿಡ್ ಮರೀನ್ ಶಾಲಾ ಬಾಲಕಿಯರಿಗೆ ಅಯೋಡಿನ್ ಕೊಡಲು ಶುರುಮಾಡಿದರು. ತೆಗೆದುಕೊಂಡವರಲ್ಲಿ ಗಳಗಂಡ ಬಹುಮಟ್ಟಿಗೆ ಬರಲೇ ಇಲ್ಲ. ಈ ಕಾಯಿಲೆಯನ್ನು ತಡೆಯಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟವರು ಹೀಗೆ ಶಾಲೆಯ ಹುಡುಗಿಯರು.

ಅಯೋಡಿನ್ನನ್ನು ಮನೆಮನೆಗೆ ಮುಟ್ಟಿಸುವುದು ಹೇಗೆ? ಬಡವರೂ ಶ್ರೀಮಂತರೂ ದಿನಾಲೂ ತಿನ್ನುವ ವಸ್ತು ಉಪ್ಪು. ಉಪ್ಪು ಎಂದರೆ ನಮ್ಮ ಹಾವೇರಿ ಜಿಲ್ಲೆಯವರಿಗೆ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ನೆನಪಾಗುತ್ತದೆ. 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದ ಕನ್ನಡಿಗರು ಅವರು. ಬಡವನ ಊಟದಲ್ಲೂ ಉಪ್ಪು ಇರಲೇಬೇಕು ಎಂಬ ಕಾರಣಕ್ಕೇ ಗಾಂಧೀಜಿ ಅದನ್ನು ಆರಿಸಿಕೊಂಡಿದ್ದರು. ಅದೇ ಕಾರಣಕ್ಕೆ ವೈದ್ಯರೂ ಉಪ್ಪನ್ನೇ ಆರಿಸಿಕೊಂಡರು. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದರಲ್ಲಿರುವುದು ತೀರಾ ಅಲ್ಪ, ಬೇರೆಯಾಗಿ ಬೆರೆಸಲೇಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಮಾಡಿ ತೋರಿಸಿದವರು ದಿಲ್ಲಿಯ ಏಮ್ಸ್‌ನ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಂಗಡಿಗರು. 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಸುಮಾರು ಒಂದು ಲಕ್ಷ ಜನರಿರುವ ಪ್ರದೇಶವನ್ನು ಭಾಗ ಮಾಡಿದರು. ಕೆಲವು ಭಾಗಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಒಂದು ಭಾಗಕ್ಕೆ ಸಾದಾ ಉಪ್ಪು ಕೊಟ್ಟು ವರ್ಷಗಟ್ಟಲೆ ಕಾದು ನೋಡಿದರು. ಅಯೋಡಿನ್ ಉಪ್ಪು ತಿಂದ ಕಡೆ ಮಕ್ಕಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೋಡಿನ್ ಕೊರತೆ ಹಿಮಾಲಯದ್ದು ಮಾತ್ರ ಅಲ್ಲ. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡಿನ ಜಿಲ್ಲೆಗಳಲ್ಲೂ ಗಳಗಂಡ ಇತ್ತು. 2006ರಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕಾಗಿ ಮಾರುವುದನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಒಂದು ಚಿಟಿಕೆ ಉಪ್ಪು ಎಲ್ಲರ ಮನೆಗೂ ಒಂದೇ ಪರಿಹಾರ ಕೊಟ್ಟಿತು.

ಹಾಗಾದರೆ ಅಯೋಡಿನ್ ಉಪ್ಪು ತಿನ್ನುವ ನಮ್ಮ ಮನೆಗೆ ಥೈರಾಯ್ಡ್ ತೊಂದರೆ ಹೇಗೆ ಬಂತು? ಅವ್ವನ ವರದಿ ನೋಡಿದಾಗ ನಾನು ಡಾಕ್ಟರಿಗೆ ಕೇಳಿದ ಮೊದಲ ಪ್ರಶ್ನೆ ಇದೇ. "ಇದು ಬೇರೆ ಕಾಯಿಲೆ, ಹಶಿಮೊಟೊ" ಎಂದರು.

ಹಕಾರು ಹಶಿಮೊಟೊ ಜಪಾನಿನ ಡಾಕ್ಟರು. ಹುಟ್ಟಿದ್ದು 1881ರಲ್ಲಿ, ವೈದ್ಯರ ಮನೆತನದಲ್ಲಿ. ಕ್ಯೂಶೂ ವಿಶ್ವವಿದ್ಯಾಲಯದಲ್ಲಿದ್ದಾಗ ನಾಲ್ವರು ಹೆಂಗಸರಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಥೈರಾಯ್ಡ್ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗ್ರಂಥಿಯ ತುಂಬ ಬಿಳಿ ರಕ್ತಕಣಗಳು ಗುಂಪುಗೂಡಿದ್ದವು. ಇದು ಹೊಸ ರೋಗ ಎಂದು 1912ರಲ್ಲಿ ಒಂದು ಜರ್ಮನ್ ಪತ್ರಿಕೆಯಲ್ಲಿ ಬರೆದರು. ಹೆಚ್ಚು ಜನ ಗಮನಿಸಲಿಲ್ಲ. ಆಮೇಲೆ ಅವರು ತಮ್ಮ ಊರಿಗೆ ಮರಳಿ, ಅಲ್ಲಿಯ ಜನರಿಗೆ ಔಷಧ ಕೊಡುತ್ತ ಉಳಿದರು. 1934ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಇಂದು ಜಗತ್ತಿನ ಲಕ್ಷಾಂತರ ವರದಿಗಳ ಮೇಲೆ ತಮ್ಮ ಹೆಸರು ಬರುತ್ತದೆ ಎಂದು ಆ ಹಳ್ಳಿ ಡಾಕ್ಟರಿಗೆ ಗೊತ್ತಿರಲಿಲ್ಲ.

ಆ ಬಿಳಿ ಕಣಗಳು ಅಲ್ಲಿ ಏನು ಮಾಡುತ್ತಿದ್ದವು ಎಂಬುದು ತಿಳಿದದ್ದು 1956ರಲ್ಲಿ. ಲಂಡನ್ನಿನ ಡೆಬೊರಾ ಡೋನಿಯಾಕ್, ಐವನ್ ರಾಯ್ಟ್ ಮತ್ತು ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ಅವರದೇ ಥೈರಾಯ್ಡಿನ ವಿರುದ್ಧ ಪ್ರತಿಕಾಯಗಳಿರುವುದನ್ನು ಕಂಡರು. ಅಂದರೆ ಹೊಲ ಕಾಯಲು ಇಟ್ಟ ಬೇಲಿಯೇ ಹೊಲ ಮೇಯುತ್ತಿತ್ತು. ಕಾಂಗ್ರಾದಲ್ಲಿ ಉಪ್ಪಿನ ಪ್ರಯೋಗ ಶುರುವಾದದ್ದೂ ಅದೇ ವರ್ಷ. ಒಂದು ಕಾಯಿಲೆ ನೆಲದ ಕೊರತೆಯಿಂದ ಬಂದದ್ದು, ಇನ್ನೊಂದು ಮೈಯೊಳಗಿನ ಜಗಳದಿಂದ ಬಂದದ್ದು. ಹೆಸರು ಮಾತ್ರ ಊರಲ್ಲಿ ಎರಡಕ್ಕೂ ಒಂದೇ, ಥೈರಾಯ್ಡ್. ಹಶಿಮೊಟೊ ಕಾಯಿಲೆಗೆ ಅಯೋಡಿನ್ ಹೆಚ್ಚು ತಿಂದರೆ ಗುಣವಾಗುವುದಿಲ್ಲ, ಅತಿಯಾದರೆ ಕೆಡುವುದೂ ಉಂಟು. ಹಾಗೆಂದು ಮನೆಯ ಉಪ್ಪನ್ನು ಬದಲಿಸಬಾರದು, ಮಕ್ಕಳಿಗೆ ಬಸುರಿಯರಿಗೆ ಅದು ಬೇಕೇ ಬೇಕು.

ಗುಳಿಗೆಯ ಕಥೆಯೂ ದೊಡ್ಡದಿದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ಡಾಕ್ಟರು 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡಿನ ರಸವನ್ನು ಚುಚ್ಚಿದರು. ಸಾಯುವ ಸ್ಥಿತಿಯಲ್ಲಿದ್ದ ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬದುಕಿದಳು. ಅಷ್ಟಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತು. 1914ರಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ ಹಾರ್ಮೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಆದರೂ ಬಹಳ ಕಾಲ ಪ್ರಾಣಿಗಳ ಗ್ರಂಥಿಯ ಪುಡಿಯೇ ಔಷಧವಾಗಿತ್ತು. ಅದರ ಶಕ್ತಿ ಒಂದೊಂದು ಸಲ ಒಂದೊಂದು ತರಹ ಇರುತ್ತಿತ್ತು. ರಕ್ತದಲ್ಲಿರುವ ಅತಿ ಸಣ್ಣ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿಧಾನವನ್ನು ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರೂಪಿಸಿದರು. ಯಾಲೊ ಅವರಿಗೆ ಅದಕ್ಕಾಗಿ 1977ರಲ್ಲಿ ನೊಬೆಲ್ ಬಂತು. ನಿಖರ ಗುಳಿಗೆ, ನಿಖರ ತಪಾಸಣೆ ಎರಡೂ ಬಳಕೆಗೆ ಬಂದದ್ದು ಹೆಚ್ಚುಕಡಿಮೆ ನಮ್ಮ ಶಾಲೆಯ ವಯಸ್ಸಿನ ಅವಧಿಯಲ್ಲೇ.

ಗುಳಿಗೆ ನಿಖರ, ತಪಾಸಣೆ ನಿಖರ. ಆದರೂ ಅವ್ವನ ಟಿಎಸ್‌ಎಚ್ ಅಂಕಿ ಮೊದಲು 22, ಆಮೇಲೆ 6, ಮತ್ತೆ 14, ಒಮ್ಮೆಲೇ 0.2, ತಿರುಗಿ 9. "ನುಂಗಿದ್ರೂ ಏರ್ತೈತಿ, ಬಿಟ್ರೂ ಏರ್ತೈತಿ, ಯಾಕ್ ನುಂಗ್ಲಿ?" ಎಂದು ಅವ್ವ ಬೇಸರ ಮಾಡಿಕೊಂಡಳು. ಮೈ ದಪ್ಪವಾಗಿದ್ದಕ್ಕೆ ಬೀಗರು "ಕೂತು ಉಂಡು ಹಿಂಗಾಗೈತಿ" ಎಂದರು. ಬೆಳಗಿನಿಂದ ರಾತ್ರಿಯವರೆಗೆ ಕೂರದವಳು ಅವಳು. ನಾನೂ ಕಡಿಮೆಯವನಲ್ಲ. ಬೆಂಗಳೂರಿನಿಂದ ಫೋನ್ ಮಾಡಿ, "ಸರಿಯಾಗಿ ತಗೊಳಂಗಿಲ್ಲ ನೀನು" ಎಂದು ಬೈದಿದ್ದೇನೆ.

ಕೊನೆಗೆ ಒಂದು ರಜೆಯಲ್ಲಿ ಹಳೆಯ ವರದಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ, ಆಯಾ ದಿನಗಳಲ್ಲಿ ಮನೆಯಲ್ಲಿ ಏನೇನು ನಡೆದಿತ್ತು ಎಂದು ಅವ್ವನ ಪಕ್ಕ ಕೂತು ಬರೆದೆ. ಗುಳಿಗೆಯನ್ನು ಚಹಾದ ಜೊತೆ ನುಂಗುತ್ತಿದ್ದಳು. ಮಂಡಿನೋವಿಗೆ ಕೊಟ್ಟ ಕ್ಯಾಲ್ಸಿಯಂ ಗುಳಿಗೆಯನ್ನೂ ಅದೇ ಹೊತ್ತಿಗೆ ನುಂಗುತ್ತಿದ್ದಳು. ಅದು ಥೈರಾಕ್ಸಿನ್ನನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಗೋವಿನಜೋಳದ ಸುಗ್ಗಿಯಲ್ಲಿ ನಾಲ್ಕೈದು ದಿನ ಮರೆತದ್ದೂ ಇತ್ತು. ಬಾಟಲಿ ಇದ್ದದ್ದು ಒಲೆಯ ಮೇಲಿನ ಗೂಡಿನಲ್ಲಿ. ಬಿಸಿ ಮತ್ತು ಹಬೆಗೆ ಈ ಗುಳಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನು ನನ್ನ ತಪ್ಪು. ಆತುರಕ್ಕೆ ಮೂರು ವಾರಕ್ಕೊಮ್ಮೆ ರಕ್ತ ತಪಾಸಣೆ ಮಾಡಿಸಿ, ಅಂಕಿ ನೋಡಿ ಬೇರೆ ಬೇರೆ ಡಾಕ್ಟರ ಬಳಿ ಪ್ರಮಾಣ ಬದಲಿಸಿಕೊಂಡು ಬರುತ್ತಿದ್ದವನು ನಾನೇ.

ಇದನ್ನು ನಮ್ಮ ಊರಿನ ನೀರುಗಂಟಿಯ ಉದಾಹರಣೆಯಿಂದ ಹೇಳಬಹುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ನೀರುಗಂಟಿ ಇದ್ದ ಹಾಗೆ. ಟ್ಯಾಂಕಿನಲ್ಲಿ ನೀರು ಕಡಿಮೆಯಾದರೆ ಜೋರಾಗಿ ಕೂಗುತ್ತದೆ, ತುಂಬಿದರೆ ಸುಮ್ಮನಾಗುತ್ತದೆ. ಆ ಕೂಗೇ ಟಿಎಸ್‌ಎಚ್. ಅದಕ್ಕೇ ಸಾಮಾನ್ಯವಾಗಿ ಟಿಎಸ್‌ಎಚ್ ಏರಿದರೆ ಹಾರ್ಮೋನು ಸಾಲದು ಎಂದರ್ಥ, ತೀರಾ ಇಳಿದರೆ ಹೆಚ್ಚಾಗಿದೆ ಎಂದರ್ಥ. ನುಂಗಿದ ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಪ್ರಮಾಣ ಬದಲಿಸಿದ ಮೇಲೆ ಟ್ಯಾಂಕಿನ ಮಟ್ಟ ನಿಂತು, ನೀರುಗಂಟಿಯ ಕೂಗು ಹದಕ್ಕೆ ಬರಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಅದಕ್ಕೂ ಮೊದಲು ಅಳೆದು ಮತ್ತೆ ಬದಲಿಸಿದರೆ ಏರಿಳಿತವನ್ನು ನಾವೇ ಉಂಟುಮಾಡಿದಂತೆ.

ಇದನ್ನೆಲ್ಲ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಮೊದ್ಲು ಯಾರೂ ಹೇಳಲಿಲ್ಲಲ್ಲೋ" ಎಂದಳು. ಅವಳನ್ನು ಬೈಯುವ ಬದಲು ಒಂದು ದಿನ ಪಕ್ಕದಲ್ಲಿ ಕೂತಿದ್ದರೆ ಎರಡು ವರ್ಷದ ತೊಂದರೆ ತಪ್ಪುತ್ತಿತ್ತು.

ಈಗ ಅವ್ವ ಎದ್ದ ಕೂಡಲೇ ಬರೀ ನೀರಿನಲ್ಲಿ ಗುಳಿಗೆ ನುಂಗುತ್ತಾಳೆ. ಚಹಾ ಒಂದು ತಾಸಿನ ನಂತರ. ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ, ಎರಡರ ನಡುವೆ ಕನಿಷ್ಠ ನಾಲ್ಕು ತಾಸು ಬೇಕಂತೆ. ಬಾಟಲಿ ದೇವರ ಕೋಣೆಗೆ ಹೋಗಿದೆ. ಒಬ್ಬರೇ ಡಾಕ್ಟರು, ಒಂದೇ ಲ್ಯಾಬು, ಬೆಳಗಿನ ಒಂದೇ ಹೊತ್ತು. ಅಂಕಿ ಹೆಚ್ಚಾಗಿ ಎರಡು ಮೂರರ ಆಸುಪಾಸಿನಲ್ಲಿರುತ್ತದೆ. ಎಲ್ಲ ಸರಿ ಮಾಡಿದರೂ ಒಂದು ಸಲ 7ಕ್ಕೆ ಏರಿತು. ಗ್ರಂಥಿ ಇನ್ನಷ್ಟು ಸವೆದಿದೆ ಎಂದು ಡಾಕ್ಟರು ಪ್ರಮಾಣ ಹೆಚ್ಚಿಸಿದರು. ಈ ಕಾಯಿಲೆಯ ಸ್ವಭಾವವೇ ಹಾಗೆ. ಆರಂಭದಲ್ಲಿ ಕೆಲವರಿಗೆ ಹಾನಿಯಾದ ಗ್ರಂಥಿಯಿಂದ ಹಾರ್ಮೋನು ಒಮ್ಮೆಲೇ ಸೋರಿ ಎದೆಬಡಿತ ಹೆಚ್ಚುವುದೂ ಇದೆ. ಪ್ರತಿಯೊಂದು ಏರಿಳಿತವೂ ರೋಗಿಯ ತಪ್ಪಲ್ಲ.

ಗಳಗಂಡವನ್ನು ಸರ್ಕಾರ ಉಪ್ಪಿನ ಮೂಲಕ ಹಿಮ್ಮೆಟ್ಟಿಸಿತು. ಹಶಿಮೊಟೊ ಕಾಯಿಲೆಗೆ ಅಂಥ ಒಂದೇ ಉಪ್ಪು ಇಲ್ಲ. ಅದನ್ನು ಒಂದೊಂದು ಮನೆಯೂ ದಿನನಿತ್ಯ ನಿಭಾಯಿಸಬೇಕು. ಆದ್ದರಿಂದ ಊರಿನವರಲ್ಲಿ ಎರಡು ವಿನಂತಿ. "ಬಸುರಿ ಗುಳಿಗೆ ನುಂಗಬಾರದು" ಎಂದು ಥೈರಾಯ್ಡ್ ಗುಳಿಗೆಯನ್ನು ಬಿಡಿಸಬೇಡಿ. ಆಗ ಹಾರ್ಮೋನಿನ ಅಗತ್ಯ ಹೆಚ್ಚುತ್ತದೆ, ಹೊಟ್ಟೆಯಲ್ಲಿರುವ ಕೂಸಿನ ಮಿದುಳಿನ ಬೆಳವಣಿಗೆಗೂ ಅದು ಬೇಕು. ಕೂಡಲೇ ಡಾಕ್ಟರಿಗೆ ತೋರಿಸಿ. ಎರಡನೆಯದು ಗುರುಗಳಲ್ಲಿ ಮತ್ತು ಪಾಲಕರಲ್ಲಿ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಹೆಚ್ಚು, ಹರೆಯದಲ್ಲೂ ಬರಬಹುದು. ಚುರುಕಾಗಿದ್ದ ಹುಡುಗಿ ಕಾರಣವಿಲ್ಲದೆ ಸುಸ್ತಾಗುತ್ತಿದ್ದರೆ, ತೂಕಡಿಸುತ್ತಿದ್ದರೆ, ಅಭ್ಯಾಸದಲ್ಲಿ ಹಿಂದೆ ಬೀಳುತ್ತಿದ್ದರೆ, ಸೋಮಾರಿ ಎನ್ನುವ ಮೊದಲು ಒಂದು ರಕ್ತ ತಪಾಸಣೆ ಮಾಡಿಸಿ.

ಪ್ರಶ್ನೆ ಕೇಳಿ ಕಾರಣ ಹುಡುಕುವುದನ್ನು ನನಗೆ ಕಲಿಸಿದ್ದು ಈ ಶಾಲೆಯ ವಿಜ್ಞಾನ ಮತ್ತು ಇತಿಹಾಸದ ತರಗತಿಗಳು.